ಹಾಟ್ ರಾಡ್‌ನ ಮುಂದಿನ ಆಕ್ಸಲ್: ಅಲೈನ್‌ಮೆಂಟ್ ಪರೀಕ್ಷೆಗೆ ಟೇಪು, ತೂಗುಗುಂಡು ಸಾಕು

ಹಳೆಯ ಫೋರ್ಡ್ ಕಾರುಗಳನ್ನು ಹಗುರಗೊಳಿಸಿ, ಮೂತಿಯನ್ನು ತಗ್ಗಿಸಿ, ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದವರಿಂದ ಬೆಳೆದದ್ದು ಹಾಟ್ ರಾಡ್ ಕಟ್ಟುವ ಹವ್ಯಾಸ. ಅವುಗಳಲ್ಲಿ ಹೆಸರಾದ 1932ರ ಫೋರ್ಡ್‌ನ ಮುಂದಿನ ಎರಡೂ ಚಕ್ರಗಳನ್ನು ಹೊರುವುದು ಅಡ್ಡತೊಲೆಯಂಥ ಒಂದೇ ಆಕ್ಸಲ್; ನಮ್ಮ ಲಾರಿಗಳಲ್ಲಿ ಇಂದಿಗೂ ಕಾಣುವುದು ಈ ಬಗೆಯದೇ. ಇದರಲ್ಲಿ ತಿರುಗಿಸಿ ಸರಿಪಡಿಸಬಹುದಾದ ಜಾಗಗಳು ಕಡಿಮೆ ಇರುವುದರಿಂದ ದುಬಾರಿ ಯಂತ್ರವಿಲ್ಲದೆಯೂ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ ಮತ್ತು ವಾಲಿಕೆಯ, ಪರೀಕ್ಷೆ ಸಾಧ್ಯ. ಅಳತೆ ಟೇಪು, ತೂಗುಗುಂಡು, ಸೀಮೆಸುಣ್ಣ, ಮೊಳೆ ಬಡಿದ ಮರದ ತುಂಡು, ಅಯಸ್ಕಾಂತದ ತಳವಿರುವ ಕೋನಮಾಪಕ, ಇಷ್ಟಿದ್ದರೆ ಆಯಿತು.

ಮೊದಲು ರಸಮಟ್ಟ ಇಟ್ಟು ನೆಲ ಸಮವಾಗಿದೆಯೇ ಎಂದು ನೋಡಿ, ಎರಡೂ ಟೈರುಗಳ ಗಾಳಿಯನ್ನು ಸಮಮಾಡಿಕೊಳ್ಳಬೇಕು. ಬಳಿಕ ಚಕ್ರವನ್ನು ಜ್ಯಾಕ್‌ನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಬೇಕು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಗೂಟ, ಅಂದರೆ ಕಿಂಗ್‌ಪಿನ್, ಸವೆದು ಚಕ್ರ ಕಟಕಟ ಎಂದರೆ ಅದನ್ನು ಸರಿಪಡಿಸುವ ಮುನ್ನ ತೆಗೆದ ಯಾವ ಅಳತೆಯೂ ನಂಬಿಕೆಗೆ ಅರ್ಹವಲ್ಲ.

ಎರಡನೆಯದಾಗಿ, ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗಳ ತುದಿಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಮುಂದಿನ ಗುರುತಿನಿಂದ ಹಿಂದಿನ ಗುರುತಿಗಿರುವ ಅಂತರವನ್ನು ಎಡಬಲಗಳಲ್ಲಿ ಹೋಲಿಸಬೇಕು. 1932ರ ಫೋರ್ಡ್‌ನಲ್ಲಿ ಇದು ಮೂಲತಃ 106 ಅಂಗುಲ. ಆದರೆ ಆ ಅಂಕಿಗಿಂತ ಎರಡೂ ಬದಿ ಒಂದೇ ಆಗಿರುವುದು ಮುಖ್ಯ.

ಹೆಚ್ಚಿನವರು ಎಡವುವುದು ಕ್ಯಾಸ್ಟರ್‌ನಲ್ಲಿ, ಅಂದರೆ ಕಿಂಗ್‌ಪಿನ್‌ನ ಹಿಂದುಮುಂದಿನ ವಾಲಿಕೆಯಲ್ಲಿ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವಂತೆ ಕಿಂಗ್‌ಪಿನ್‌ನ ಮೇಲ್ತುದಿಯೂ ಹಿಂದಕ್ಕೆ ವಾಲಿರಬೇಕು. ಹಾಟ್ ರಾಡ್‌ಗಳಿಗೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಇಡುತ್ತಾರೆ. ಕಿಂಗ್‌ಪಿನ್ ಕೂರುವ ಆಕ್ಸಲ್ ತುದಿಯ ನುಣುಪಾದ ಸಮತಟ್ಟು ಮುಖದ ಮೇಲೆ ಕೋನಮಾಪಕವನ್ನು ಮುಂದಿನಿಂದ ಹಿಂದಕ್ಕೆ ಇಟ್ಟು ಓದಬೇಕು. ಕಟ್ಟುವಾಗ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಸಮವಾಗಿಟ್ಟು 6 ಡಿಗ್ರಿ ಹೊಂದಿಸಿದವರು, ಕಾರು ನೆಲಕ್ಕಿಳಿದು ಮೂತಿ 2 ಡಿಗ್ರಿ ತಗ್ಗಿದಾಗ ಉಳಿಯುವುದು 4 ಮಾತ್ರ ಎಂಬುದನ್ನು ಮರೆತಿರುತ್ತಾರೆ. ರಸ್ತೆಯಲ್ಲಿ ಕಾರು ಅತ್ತಿತ್ತ ಅಲೆಯತೊಡಗಿದಾಗ ಪಾಪ, ಸ್ಟೀರಿಂಗ್ ಬಾಕ್ಸನ್ನು ಬೈಯುತ್ತಾರೆ. ಆದ್ದರಿಂದ ಎಂಜಿನ್, ರೇಡಿಯೇಟರ್ ಎಲ್ಲವೂ ಕೂತ ಮೇಲೆ, ಕಾರು ತನ್ನ ಟೈರುಗಳ ಮೇಲೆಯೇ ನಿಂತಿರುವಾಗ ಅಳೆಯಬೇಕು. ಎಡಬಲಗಳ ಅಂಕಿ ಬೇರೆಯಾದರೆ ಆಕ್ಸಲ್ ತಿರುಚಿಕೊಂಡಿದೆ ಎಂದರ್ಥ.

ಕ್ಯಾಂಬರನ್ನು, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದನ್ನು, ನೋಡಿಕೊಂಡರೆ ಸಾಕು; ಈ ಆಕ್ಸಲ್‌ನಲ್ಲಿ ಅದನ್ನು ತಿರುಗಿಸಿ ಸರಿಪಡಿಸುವ ಜಾಗವಿಲ್ಲ. ತೊಲೆ ಬಾಗಿದ್ದರೆ ಅದನ್ನು ನೇರಮಾಡುವುದು ಅನುಭವಿ ಪ್ರೆಸ್‌ನವರ ಕೆಲಸ.

ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳ ಮುಂಭಾಗ ಒಳಕ್ಕೆ ಎಷ್ಟು ತಿರುಗಿದೆ ಎಂಬುದರ ಅಳತೆ ಕೊನೆಗೆ. ಚಕ್ರವನ್ನು ಎತ್ತಿ, ಟೈರಿನ ನಡುವೆ ಸೀಮೆಸುಣ್ಣ ಬಳಿದು, ಮರದ ತುಂಡಿನ ಮೊಳೆಯನ್ನು ಅದಕ್ಕೆ ತಾಗಿಸಿ ಚಕ್ರ ತಿರುಗಿಸಿದರೆ ಸುಣ್ಣದ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಕಾರನ್ನು ಇಳಿಸಿ, ಸ್ಟೀರಿಂಗ್ ನೇರವಾಗಿಟ್ಟು, ಕೆಲವು ಅಡಿ ಮುಂದಕ್ಕೆ ತಳ್ಳಬೇಕು. ಹಿಂದಕ್ಕೆ ಉರುಳಿದರೆ ಸಂದುಗಳ ಸಡಿಲ ಎದುರು ದಿಕ್ಕಿಗೆ ಹೊರಳಿ ಲೆಕ್ಕ ತಪ್ಪುತ್ತದೆ. ಎರಡು ಗೆರೆಗಳ ನಡುವಣ ಅಂತರವನ್ನು ಟೈರಿನ ಮುಂದೆ ಮತ್ತು ಹಿಂದೆ ಒಂದೇ ಎತ್ತರದಲ್ಲಿ ಅಳೆದಾಗ, ಮುಂದಿನದು 1.5ರಿಂದ 3 ಮಿ.ಮೀ. ಕಡಿಮೆ ಇರಬೇಕು. ಹಾಗಿಲ್ಲದಿದ್ದರೆ ಎರಡೂ ಚಕ್ರಗಳನ್ನು ಜೋಡಿಸುವ ಸರಳನ್ನು (ಟೈ ರಾಡ್) ತಿರುಗಿಸಿ, ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ನಟ್ ಬಿಗಿಯುವಾಗಲೇ ರಾಡ್ ಸ್ವಲ್ಪ ತಿರುಗುವುದುಂಟು.