ಶಾಲೆಯಲ್ಲಿ ಅಸ್ತಮಾ: ಇನ್‌ಹೇಲರ್ ಸಕಾಲಕ್ಕೆ ಮಗುವಿನ ಕೈ ಸೇರುವಂತೆ ಮಾಡುವುದು ಹೇಗೆ?

ಇನ್‌ಹೇಲರ್ ಇರುವುದು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ. ಬೀರುವಿನ ಕೀಲಿ ಗುಮಾಸ್ತರ ಜೇಬಿನಲ್ಲಿ. ಗುಮಾಸ್ತರು ಊಟಕ್ಕೆ ಹೋಗಿದ್ದಾರೆ. ಮಗು ಮೈದಾನದ ತುದಿಯಲ್ಲಿ ಉಸಿರಿಗಾಗಿ ಪರದಾಡುತ್ತಾ ಕುಳಿತಿದೆ. ಅಸ್ತಮಾ ಇರುವ ಮಕ್ಕಳಿಗಾಗಿ ಶಾಲೆಯೊಂದು ಕಾರ್ಯಕ್ರಮ ರೂಪಿಸಲು ಹೊರಟರೆ ಮೊದಲು ಕಣ್ಣ ಮುಂದೆ ತಂದುಕೊಳ್ಳಬೇಕಾದ ದೃಶ್ಯ ಇದು. ಔಷಧಿ ಮಗುವನ್ನು ತಲುಪಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬ ಪ್ರಶ್ನೆಯೇ ಇಡೀ ಕಾರ್ಯಕ್ರಮದ ತಿರುಳು. ಭಿತ್ತಿಪತ್ರ, ಭಾಷಣ, ದಿನಾಚರಣೆಗಳೆಲ್ಲ ಆಮೇಲಿನ ಮಾತು.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಉರಿಯೂತದಿಂದ ಊದಿಕೊಂಡಿರುತ್ತದೆ. ದೂಳು, ಹೊಗೆ, ಪರಾಗ, ನೆಗಡಿಯ ವೈರಾಣು ಅಥವಾ ತಣ್ಣನೆಯ ಒಣಗಾಳಿ ಸೋಕಿದರೆ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು, ಕಫ ಸೇರಿ, ಗಾಳಿ ಹಾಯುವ ದಾರಿ ಕಿರಿದಾಗುತ್ತದೆ. ಹಾಗಾಗಿ ಔಷಧಿಗಳೂ ಎರಡು ಬಗೆ. ಉರಿಯೂತವನ್ನು ಹತೋಟಿಯಲ್ಲಿಡುವ ಸ್ಟಿರಾಯ್ಡ್ ಇನ್‌ಹೇಲರನ್ನು ಆರಾಮವಾಗಿರುವ ದಿನವೂ ಬಿಡದೆ ಬಳಸಬೇಕು. ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬುಟಮಾಲ್‌ನಂಥ ಇನ್‌ಹೇಲರನ್ನು ಉಬ್ಬಸ ಕಾಣಿಸಿಕೊಂಡಾಗ ಬಳಸಬೇಕು. ಎರಡನೆಯದು ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿರುತ್ತದೆಯಾದರೂ ಬಣ್ಣವನ್ನೇ ನಂಬದೆ ಹೆಸರನ್ನು ಓದಿಕೊಳ್ಳುವುದು ಕ್ಷೇಮ. ಹದಿಹರೆಯದ ಕೆಲವರಿಗೆ ವೈದ್ಯರು ಎರಡೂ ಕೆಲಸ ಮಾಡುವ ಒಂದೇ ಇನ್‌ಹೇಲರ್ ಬರೆದುಕೊಡುವುದುಂಟು.

ಆರಂಭ: ಒಂದು ಪುಟದ ಯೋಜನೆ

ಪ್ರವೇಶದ ಸಮಯದಲ್ಲೇ ಪೋಷಕರಿಂದ ಮಾಹಿತಿ ಪಡೆದು, ಅಸ್ತಮಾ ಇರುವ ಪ್ರತಿ ಮಗುವಿಗೂ ವೈದ್ಯರ ಸಹಿಯಿರುವ ಒಂದು ಪುಟದ ಯೋಜನೆಯನ್ನು ತರಿಸಿಕೊಳ್ಳಬೇಕು. ಯಾವುದರಿಂದ ಉಬ್ಬಸ ಕೆರಳುತ್ತದೆ, ನಿತ್ಯದ ಔಷಧಿ ಯಾವುದು, ತುರ್ತಿಗೆ ಯಾವುದು, ಎಷ್ಟು ಪಫ್ (ಇನ್‌ಹೇಲರನ್ನು ಒಮ್ಮೆ ಒತ್ತಿದಾಗ ಚಿಮ್ಮುವಷ್ಟು ಔಷಧಿ), ಯಾರಿಗೆ ಫೋನ್ ಮಾಡಬೇಕು ಎಂಬಷ್ಟು ಅದರಲ್ಲಿದ್ದರೆ ಸಾಕು. ಇದರ ಪ್ರತಿ ಕಚೇರಿಯ ಕಡತದಲ್ಲಿ ಮಾತ್ರ ಉಳಿದರೆ ಪ್ರಯೋಜನವಿಲ್ಲ. ತರಗತಿಯ ಶಿಕ್ಷಕರ ಬಳಿ, ದೈಹಿಕ ಶಿಕ್ಷಣ ಶಿಕ್ಷಕರ ಬಳಿ, ಒಂದು ದಿನದ ಮಟ್ಟಿಗೆ ಬದಲಿಯಾಗಿ ಬಂದವರ ಬಳಿಯೂ ಇರಬೇಕು. ವರ್ಷಕ್ಕೊಮ್ಮೆ, ಹಾಗೂ ಮಗು ಆಸ್ಪತ್ರೆ ಸೇರಿ ಬಂದಾಗಲೆಲ್ಲ, ಅದನ್ನು ಹೊಸದಾಗಿ ಬರೆಸಬೇಕು. ಓಡಿದಾಗಲೆಲ್ಲ ಕೆಮ್ಮುವ, ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳೂ ಇರುತ್ತಾರೆ. ಅವರಿಗೆ ರೋಗದ ಹೆಸರು ಹಚ್ಚುವುದು ಶಾಲೆಯ ಕೆಲಸವಲ್ಲ, ವೈದ್ಯರಿಗೆ ತೋರಿಸುವಂತೆ ಪೋಷಕರಿಗೆ ತಿಳಿಸುವುದು ಖಂಡಿತ ಶಾಲೆಯ ಕೆಲಸ.

ಇನ್‌ಹೇಲರ್ ಎಲ್ಲಿರಬೇಕು?

ಸ್ವತಃ ಬಳಸಬಲ್ಲ ಮಗುವಿನ ಜೇಬಿನಲ್ಲಿ ಅಥವಾ ಚೀಲದಲ್ಲಿ. ಚಿಕ್ಕ ಮಕ್ಕಳದಾದರೆ ತರಗತಿಯಲ್ಲೇ, ಹೆಸರು ಬರೆದ, ಬೀಗವಿಲ್ಲದ ಕಪಾಟಿನಲ್ಲಿ. ತರಗತಿ ಮೈದಾನಕ್ಕೋ ಪ್ರವಾಸಕ್ಕೋ ಹೊರಟರೆ ಅದೂ ಜೊತೆಗೇ ಹೊರಡಬೇಕು. ಔಷಧಿಯೆಂದರೆ ಬೀಗ ಹಾಕಿಡಬೇಕೆಂಬ ನಿಯಮ ಮಾತ್ರೆಗಳಿಗೆ ಸರಿ, ತುರ್ತಿನ ಇನ್‌ಹೇಲರ್‌ಗೆ ಅಪಾಯಕಾರಿ. ಮಗುವಿನ ಇನ್‌ಹೇಲರ್ ಮನೆಯಲ್ಲಿ ಮರೆತುಹೋದ ದಿನಕ್ಕೆಂದು ಶಾಲೆಯದೇ ಒಂದು ಇರುವುದು ಒಳ್ಳೆಯದು. ಇಂಗ್ಲೆಂಡಿನ ಶಾಲೆಗಳು 2014ರ ಅಕ್ಟೋಬರ್ 1ರಿಂದ ವೈದ್ಯರ ಚೀಟಿಯಿಲ್ಲದೆ ಸಾಲ್ಬುಟಮಾಲ್ ಇನ್‌ಹೇಲರ್ ಕೊಂಡಿಟ್ಟುಕೊಳ್ಳಬಹುದು. ಆದರೆ ಅದನ್ನು ಇನ್‌ಹೇಲರ್ ಅಗತ್ಯವೆಂದು ವೈದ್ಯರು ಗುರುತಿಸಿರುವ, ಪೋಷಕರು ಲಿಖಿತ ಒಪ್ಪಿಗೆ ಕೊಟ್ಟಿರುವ ಮಕ್ಕಳಿಗೆ ಮಾತ್ರ ಬಳಸಬೇಕು. ಬೇರೆಡೆ ಆಯಾ ಪ್ರದೇಶದ ಕಾನೂನು ಏನು ಹೇಳುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಇನ್‌ಹೇಲರ್ ಖಾಲಿಯಾಗಿದೆಯೇ ಎಂಬುದನ್ನು ಅಲುಗಾಡಿಸಿ ತಿಳಿಯಲಾಗದು, ಏಕೆಂದರೆ ಔಷಧಿ ಮುಗಿದ ಮೇಲೂ ಅದನ್ನು ಹೊರದೂಡುವ ಅನಿಲ ಒಳಗೆ ಉಳಿದು ಸದ್ದು ಮಾಡುತ್ತದೆ, ಒತ್ತಿದರೆ ಹೊರಗೂ ಚಿಮ್ಮುತ್ತದೆ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವೂ ನಂಬತಕ್ಕದ್ದಲ್ಲ. ಸಾಲ್ಬುಟಮಾಲ್‌ನ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ಎಣಿಕೆ ತೋರಿಸುವ ಕಿಟಕಿ ಅದರಲ್ಲಿ ಇಲ್ಲದಿದ್ದರೆ ಬಳಸಿದ್ದನ್ನು ಬರೆದಿಡುವುದೊಂದೇ ದಾರಿ.

ಬಳಸುವ ಕ್ರಮ

ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ಇನ್‌ಹೇಲರನ್ನು ನೇರವಾಗಿ ಬಾಯಿಗಿಟ್ಟು ಒತ್ತಿದರೆ ಔಷಧಿಯ ಬಹುಪಾಲು ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಸ್ಪೇಸರ್ ಎಂಬ ಟೊಳ್ಳು ಕೊಳವೆಯನ್ನು ನಡುವೆ ಸೇರಿಸಿದರೆ ಔಷಧಿ ಅದರಲ್ಲಿ ತಂಗಿ, ಮಗು ತನ್ನ ಪಾಡಿಗೆ ಉಸಿರಾಡಿದಂತೆ ಒಳಗೆ ಹೋಗುತ್ತದೆ. ಮುಚ್ಚಳ ತೆಗೆದು, ಇನ್‌ಹೇಲರನ್ನು ಚೆನ್ನಾಗಿ ಕುಲುಕಿ, ಸ್ಪೇಸರ್‌ಗೆ ಜೋಡಿಸಿ, ಅದರ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳಿಂದ ಬಿಗಿಯಾಗಿ ಮುಚ್ಚಿಕೊಳ್ಳುವಂತೆ ಮಗುವಿಗೆ ಹೇಳಬೇಕು. ತೀರ ಚಿಕ್ಕ ಮಕ್ಕಳಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾಗುತ್ತದೆ. ಒಮ್ಮೆಗೆ ಒಂದೇ ಪಫ್ ಒತ್ತಬೇಕು. ನಾಲ್ಕನ್ನು ಒಟ್ಟಿಗೆ ಒತ್ತಿ ಸಮಯ ಉಳಿಸುವ ಯೋಚನೆ ಬೇಡ. ತಿಂಗಳಿಗೊಮ್ಮೆ ಸ್ಪೇಸರನ್ನು ಸಾಬೂನಿನ ನೀರಿನಲ್ಲಿ ತೊಳೆದು ಹಾಗೆಯೇ ಗಾಳಿಗೆ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ಗೆ ಸ್ಥಿರ ವಿದ್ಯುತ್ ಬಂದು, ಔಷಧಿಯ ಕಣಗಳು ಗೋಡೆಗೇ ಅಂಟಿಕೊಂಡುಬಿಡುತ್ತವೆ.

ಉಬ್ಬಸ ಕೆರಳಿದಾಗ

ಮಗುವನ್ನು ನೆಟ್ಟಗೆ ಕೂರಿಸಬೇಕು, ಮಲಗಿಸಬಾರದು. ಅದನ್ನು ಒಂಟಿಯಾಗಿ ಬಿಡಬಾರದು, ‘ಕಚೇರಿಗೆ ಹೋಗಿ ಔಷಧಿ ತೆಗೆದುಕೋ’ ಎಂದು ನಡೆಸಲೂಬಾರದು. ಔಷಧಿಯೇ ಮಗು ಇದ್ದಲ್ಲಿಗೆ ಬರಬೇಕು. ಮಗುವಿನ ಯೋಜನೆ ಕೈಯಲ್ಲಿದ್ದರೆ ಅದರಂತೆ ನಡೆಯಬೇಕು. ಇಲ್ಲದಿದ್ದರೆ ಆಸ್ಟ್ರೇಲಿಯಾದಲ್ಲಿ ಕಲಿಸುವ ನಾಲ್ಕರ ಲೆಕ್ಕ ನೆನಪಿಡಲು ಸುಲಭ: ಒಂದೊಂದಾಗಿ ನಾಲ್ಕು ಪಫ್ ಸಾಲ್ಬುಟಮಾಲ್, ಪ್ರತಿ ಪಫ್‌ಗೂ ಸ್ಪೇಸರ್‌ನಿಂದ ನಾಲ್ಕು ಉಸಿರು, ಆಮೇಲೆ ನಾಲ್ಕು ನಿಮಿಷದ ಕಾಯುವಿಕೆ. ಸುಧಾರಿಸದಿದ್ದರೆ ಮತ್ತೆ ನಾಲ್ಕು ಪಫ್. ಆಗಲೂ ಸುಧಾರಿಸದಿದ್ದರೆ ಆಂಬುಲೆನ್ಸ್ ಕರೆದು, ಅದು ಬರುವವರೆಗೂ ಇದೇ ಕ್ರಮವನ್ನು ಮುಂದುವರಿಸಬೇಕು. ಮಗುವಿಗೆ ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಕ್ಕೆಲುಬುಗಳ ನಡುವಿನ ಚರ್ಮ ಉಸಿರಿಗೊಮ್ಮೆ ಒಳಗೆ ಸೆಳೆದುಕೊಳ್ಳುತ್ತಿದ್ದರೆ ಅಥವಾ ಮಗು ಮಂಪರಾಗುತ್ತಿದ್ದರೆ ಎಣಿಕೆಗೆ ಕಾಯದೆ ತಕ್ಷಣವೇ ಆಂಬುಲೆನ್ಸ್ ಕರೆಯಬೇಕು. ಸುಂಯ್‌ಗುಟ್ಟುವ ಸದ್ದು ನಿಂತಿತೆಂದು ನೆಮ್ಮದಿಪಡುವುದೂ ಅವಸರವೇ. ಮಗು ಇನ್ನೂ ಏದುಸಿರು ಬಿಡುತ್ತಿದ್ದು ಎದೆ ಮಾತ್ರ ನಿಶ್ಶಬ್ದವಾಗಿದ್ದರೆ, ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲವೆಂದು ಅರ್ಥ.

ಮಕ್ಕಳಿಗೆ ಕಲಿಸುವುದು, ದಿನನಿತ್ಯ ಗಮನಿಸುವುದು

ಅಮೆರಿಕನ್ ಲಂಗ್ ಅಸೋಸಿಯೇಷನ್‌ನ ‘ಓಪನ್ ಏರ್‌ವೇಸ್ ಫಾರ್ ಸ್ಕೂಲ್ಸ್’ ಕಾರ್ಯಕ್ರಮವು 8ರಿಂದ 11 ವರ್ಷದ ಮಕ್ಕಳಿಗೆ 40 ನಿಮಿಷಗಳ ಆರು ಪಾಠಗಳಲ್ಲಿ ತಮ್ಮ ಉಸಿರಿನ ಸೂಚನೆಗಳನ್ನು ತಾವೇ ಗುರುತಿಸುವುದನ್ನು ಕಲಿಸುತ್ತದೆ. ಆಸ್ಟ್ರೇಲಿಯಾದ ‘ಟ್ರಿಪಲ್ ಎ’ ಎಂಬ ಶಾಲಾ ಕಾರ್ಯಕ್ರಮದಲ್ಲಿ ಹಿರಿಯ ತರಗತಿಯವರೇ ಕಿರಿಯರಿಗೆ ಪಾಠ ಮಾಡುತ್ತಾರೆ, ಹದಿಹರೆಯದವರು ದೊಡ್ಡವರ ಉಪದೇಶಕ್ಕಿಂತ ತಮ್ಮವರ ಮಾತನ್ನು ಬೇಗ ಕೇಳುತ್ತಾರಲ್ಲವೇ? ಇಂಥ ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನ ವಿಮರ್ಶೆಯು ಆಸ್ಪತ್ರೆ ಸೇರುವ ಪ್ರಮಾಣ ಬಹುಶಃ ತಗ್ಗುತ್ತದೆಂದು ಕಂಡುಕೊಂಡಿತು. ಗೈರುಹಾಜರಿ ಕಡಿಮೆಯಾದದ್ದು ಮಾತ್ರ ಸ್ಪಷ್ಟವಾಗಿ ಕಾಣಲಿಲ್ಲ. ಹಾಜರಿ ಪುಸ್ತಕವೊಂದನ್ನೇ ನೋಡಿ ಕಾರ್ಯಕ್ರಮ ಸೋತಿತೆಂದು ತೀರ್ಮಾನಿಸಬಾರದು. ಪಾಠವನ್ನು ಮಕ್ಕಳ ಆಟದ ವೇಳೆಯಲ್ಲಿ ಇಡಬೇಡಿ. ಆಟ ಬಿಟ್ಟು ಬಂದ ಮಗುವಿಗೆ ಅದು ಶಿಕ್ಷೆಯಂತೆ ತೋರುತ್ತದೆ.

ಅಸ್ತಮಾ ಇದೆಯೆಂದು ಮಗುವನ್ನು ಆಟದಿಂದ ದೂರವಿಡುವುದೂ ತಪ್ಪು. ಮೊದಲು ಮೈ ಬಿಸಿ ಮಾಡಿಕೊಂಡು, ವೈದ್ಯರು ಹೇಳಿದ್ದರೆ ಆಟಕ್ಕೆ 10–15 ನಿಮಿಷ ಮುಂಚೆ ಇನ್‌ಹೇಲರ್ ಬಳಸಿದರೆ ಹೆಚ್ಚಿನವರು ಎಲ್ಲರಂತೆ ಆಡಬಲ್ಲರು. ಗುಡಿಸುವುದು, ಕಟುವಾಸನೆಯ ದ್ರಾವಣದಿಂದ ನೆಲ ಒರೆಸುವುದು ಮಕ್ಕಳಿಲ್ಲದ ವೇಳೆಯಲ್ಲಿ ನಡೆಯಲಿ. ದೀರ್ಘ ರಜೆ ಮುಗಿದ ಮೊದಲ ವಾರಗಳಲ್ಲಿ ಹೆಚ್ಚು ಎಚ್ಚರ ಬೇಕು: ಉತ್ತರ ಗೋಳಾರ್ಧದ ಹಲವು ದೇಶಗಳಲ್ಲಿ ಬೇಸಿಗೆ ರಜೆಯ ನಂತರ, ಸೆಪ್ಟೆಂಬರ್‌ನಲ್ಲಿ, ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಏರುತ್ತದೆ, ಒಟ್ಟಿಗೆ ಸೇರಿದ ಮಕ್ಕಳಲ್ಲಿ ಹರಡುವ ನೆಗಡಿಯ ವೈರಾಣು ಅದಕ್ಕೆ ಮುಖ್ಯ ಕಾರಣ, ರಜೆಯಲ್ಲಿ ನಿತ್ಯದ ಔಷಧಿ ತಪ್ಪಿಸಿದ್ದರೆ ಅಪಾಯ ಇನ್ನಷ್ಟು.

ತುರ್ತಿನ ಇನ್‌ಹೇಲರ್ ಬಳಸಿದ ದಿನ, ವೇಳೆ, ಪಫ್‌ಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ಬೇಕಾದರೆ ಪೋಷಕರಿಗೆ ತಿಳಿಸಬೇಕು. ಇಷ್ಟೆಲ್ಲ ಸಿದ್ಧವಾದ ಮೇಲೆ, ಮುನ್ಸೂಚನೆ ಕೊಡದೆ ಒಂದು ಅಣಕು ಕಸರತ್ತು ನಡೆಸಿ. ಶಿಕ್ಷಕರೊಬ್ಬರು ಮೈದಾನದ ತೀರ ದೂರದ ಮೂಲೆಯಲ್ಲಿ ನಿಂತು ಗಡಿಯಾರ ನೋಡುತ್ತಾ ಇನ್‌ಹೇಲರ್‌ಗೆ ಹೇಳಿಕಳುಹಿಸಲಿ. ಸ್ಪೇಸರ್ ಸಮೇತ ಅದು ಕೈಗೆ ಬರುವ ಹೊತ್ತಿಗೆ ನಿಮಿಷಗಳು ಉರುಳಿದ್ದರೆ, ಕಪಾಟಿನ ಜಾಗವನ್ನು ಆ ದಿನವೇ ಬದಲಿಸಿ.