ಹವಾಮಾನದ ಥ್ರಿಲ್ಲರ್ ಓದಿ ಜಗಳಕ್ಕೆ ನಿಲ್ಲುವ ಮುಂಚೆ

ಮೈಕಲ್ ಕ್ರೈಟನ್ ಅವರ 2004ರ ಕಾದಂಬರಿ ‘ಸ್ಟೇಟ್ ಆಫ್ ಫಿಯರ್’ ಭೂಮಿ ಬಿಸಿಯಾಗುವುದನ್ನು ಗ್ರಾಫ್, ಅಂಕಿಅಂಶ ಇಟ್ಟು ಪ್ರಶ್ನಿಸುತ್ತದೆ. ಅದನ್ನು ಓದಿದವರಲ್ಲಿ ಕೆಲವರು ‘ಭೂಮಿ ಬಿಸಿಯಾಗೋದೆಲ್ಲ ಸುಳ್ಳು’ ಅಂತಾರೆ, ಕೆಲವರು ಪುಸ್ತಕವನ್ನೇ ಎಸೀತಾರೆ. ನೀವು ಎರಡೂ ಮಾಡಬೇಡಿ. ಮೊದಲು ಸುಮ್ನೆ ಕಥೆ ಓದಿ ಮುಗಿಸಿ, ಮಜಾ ಇದೆ. ಆಮೇಲೆ ಪೆನ್ಸಿಲ್ ಹಿಡಿದು ಅಂಕಿಅಂಶಗಳಿಗೆ ಬನ್ನಿ. ಒಂದನ್ನು ಮೂಲದ ಜೊತೆ ಹೋಲಿಸಿದರೂ ಸಾಕು: ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ 1988ರಲ್ಲಿ ಭೂಮಿ ಎಷ್ಟು ಬಿಸಿಯಾಗಬಹುದು ಅಂತ ಮೂರು ಸಾಧ್ಯತೆ ಮುಂದಿಟ್ಟಿದ್ದರು. ಅವರ ಅಂದಾಜು 300 ಪರ್ಸೆಂಟ್ ತಪ್ಪು ಅನ್ನುವ ಕಾದಂಬರಿಯ ಲೆಕ್ಕ ನಿಂತಿರುವುದು ಆ ಮೂರರಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಸಿ ತೋರಿಸಿದ್ದರ ಮೇಲೆ ಮಾತ್ರ. ಗ್ರಾಫ್ ಕಂಡರೆ ಯಾವ ಊರು, ಎಷ್ಟು ವರ್ಷ ಅಂತ ನೋಡಿ.

ತೀರ್ಥಹಳ್ಳಿಯ ನಮ್ಮ ಜಗಲಿಯಲ್ಲಿ ಕೂತು ಒಬ್ಬರು, ‘ಆಗುಂಬೆಯಲ್ಲಿ ಎಂಥಾ ಮಳೆ, ಚಳಿ! ಬಿಸಿ ಎಲ್ಲಿದೆ?’ ಅಂದರು. ಒಂದು ಮಳೆಗಾಲ ಸಾಲದು, 30 ವರ್ಷದ ಲೆಕ್ಕ ತನ್ನಿ ಅಂತ ಹೇಳಿ ಕಷಾಯ ಕೊಟ್ಟೆ.