ಸ್ತನ ಮರುರಚನೆ ಆದವರಿಗೆ ಬ್ಲೌಸ್ ಹೊಲಿಗೆ: ನನ್ನ ಅನುಭವ

ಬಟ್ಟೆ ಮಡಚಿ ಎರಡೂ ಮುಂಭಾಗ ಒಟ್ಟಿಗೆ ಕತ್ತರಿಸುವುದು ನಾವೆಲ್ಲ ಕಲಿತ ಪದ್ಧತಿ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಸ್ತನದ ಜಾಗದಲ್ಲಿ ಇಂಪ್ಲಾಂಟ್ ಇಡಿಸಿಕೊಂಡು, ರೇಡಿಯೇಷನ್ ಮುಗಿಸಿ ಬಂದವರಿಗೆ ಅದು ನಡೆಯಲ್ಲ. ಎಡಕ್ಕೊಂದು ಬಲಕ್ಕೊಂದು ಬೇರೆ ಕಟಿಂಗ್ ಮಾಡ್ತೀನಿ ಅಂದಾಗ ನನಗೆ ಕೆಲಸ ಕಲಿಸಿದ ಮಾಸ್ಟರೇ ಒಪ್ಪಲಿಲ್ಲ. "ಸೊಟ್ಟ ಕಾಣುತ್ತಮ್ಮ, ಸುಮ್ನೆ ಪ್ಯಾಡ್ ಇಟ್ಟು ಹೊಲಿ" ಅಂದರು. ಈಗ ಇಂಥ ಗಿರಾಕಿ ಬಂದರೆ ಅವರೇ ನನ್ನ ಅಂಗಡಿಗೆ ಕಳಿಸುತ್ತಾರೆ.

ಪ್ಯಾಡ್ ಇಟ್ಟೂ ನೋಡಿದ್ದೆ. ರೇಡಿಯೇಷನ್ ಬಿದ್ದ ಕಡೆ ಇಂಪ್ಲಾಂಟ್ ಸುತ್ತ ದೇಹವೇ ಕಟ್ಟುವ ಪೊರೆ ಎಷ್ಟೋ ಜನರಿಗೆ ಬಿಗಿಯುತ್ತಾ ಹೋಗುತ್ತದೆ. ಆ ಕಡೆ ಗಟ್ಟಿಯಾಗಿ, ದುಂಡಗೆ, ಮೇಲೇರಿ ಕೂರುತ್ತದೆ. ಇನ್ನೊಂದು ಕಡೆ ವಯಸ್ಸಿನ ಜೊತೆ ಇಳಿಯುತ್ತದೆ. ವ್ಯತ್ಯಾಸ ಇರುವುದು ಎತ್ತರದಲ್ಲಿ. ಪ್ಯಾಡ್ ಅದಕ್ಕೇನು ಮಾಡೀತು? ಬೆವರಿಗೆ ಜಾರಿ ಕಂಕುಳಿಗೆ ಬಂತು, ಅಷ್ಟೇ. ಪ್ರಿನ್ಸೆಸ್ ಕಟ್ ಇನ್ನೂ ಕೆಟ್ಟದಾಯಿತು, ಉದ್ದ ಹೊಲಿಗೆ ಏರುಪೇರನ್ನು ಎತ್ತಿ ತೋರಿಸಿತು. ಬಟ್ಟಲಿನಾಕಾರದ ಕಟೋರಿ ಕಟ್ಟೂ ಹಾಗೇ. ಈ ಪ್ರಯೋಗದಲ್ಲಿ ಒಂದು ರೇಷ್ಮೆ ಬ್ಲೌಸ್ ಪೀಸ್ ಹೋಯಿತು. ಸಾವಿರದ ಐನೂರರ ಆಸುಪಾಸು ಕೈಯಿಂದ ಕಟ್ಟಿಕೊಟ್ಟೆ.

ಕೊನೆಗೆ ಕೂತಿದ್ದು ಮಾಮೂಲಿ ಡಾಟ್ ಬ್ಲೌಸೇ. ಕುತ್ತಿಗೆ ಮತ್ತು ಕೆಳಗಿನ ಪಟ್ಟಿ ಎರಡೂ ಕಡೆ ಒಂದೇ ಮಟ್ಟ. ನಡುವಿನದ್ದು ಮಾತ್ರ ಬೇರೆ. ಗಟ್ಟಿಯಾದ ಕಡೆ ಡಾಟ್ ಗುರಿಯಿಡುವ ಎದೆಯ ಪಾಯಿಂಟ್ ಮುಕ್ಕಾಲು ಇಂಚು ಮೇಲೆ, ಕೆಲವರಿಗೆ ಒಂದಿಂಚು. ಅಲ್ಲಿ ಒಂದು ದೊಡ್ಡ ಡಾಟ್ ಬದಲು ಎರಡು ಚಿಕ್ಕವು. ಕುತ್ತಿಗೆ ಎಳೆಯದ ಹಾಗೆ ಭುಜದಲ್ಲಿ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ಮಾರ್ಜಿನ್ ಆ ಕಡೆ ಒಂದೂವರೆ ಇಂಚಾದರೂ ಬಿಡಿ. ಬಿಗಿತ ರೇಡಿಯೇಷನ್ ಮುಗಿದ ಮೇಲೂ ವರ್ಷಗಟ್ಟಲೆ ನಡೆಯಬಹುದು. ಹಳೇ ಅಳತೆ ಬ್ಲೌಸ್ ನಂಬಬೇಡಿ. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿ ತೆಗೆಸಿದವರಿಗೆ ತೋಳಿನ ಅಳತೆ ಸಂಜೆ ಹೊತ್ತೇ ತೆಗೆಯಿರಿ, ಕೈ ಬಾವು ಇದ್ದರೆ ಸಾಮಾನ್ಯವಾಗಿ ಆಗ ಜಾಸ್ತಿ ಇರುತ್ತದೆ.

ಟ್ರಯಲ್‌ನಲ್ಲಿ ಗುಂಡುಪಿನ್ನು ಮುಟ್ಟಲೇಬೇಡಿ. ಮರುರಚನೆ ಆದ ಕಡೆ ಹೆಚ್ಚಿನವರಿಗೆ ಸ್ಪರ್ಶ ಸರಿಯಾಗಿ ಗೊತ್ತಾಗಲ್ಲ. ಒಬ್ಬ ಅಕ್ಕ ಆರಾಮಾಗಿ ಮಾತಾಡುತ್ತಾ ನಿಂತಿದ್ದರು, ಲೈನಿಂಗ್ ಮೇಲೆ ಸಾಸಿವೆಯಷ್ಟು ರಕ್ತ ಕಂಡಿತು. ಪಿನ್ನು ಒಳಗೆ ಚುಚ್ಚಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ರೇಡಿಯೇಷನ್ ಆದ ಚರ್ಮದ ಗಾಯ ಬೇಗ ಮಾಯಲ್ಲ. ಆವತ್ತಿನಿಂದ ಚಾಕ್, ಕಚ್ಚಾ ಹೊಲಿಗೆ, ಇಷ್ಟೇ. ಆ ಕಡೆ ಕೆಂಪಗಾಗಿ ಬಿಸಿಯಾಗಿದೆ, ಊದಿದೆ ಅನ್ನಿಸಿದರೆ ನಾನು ಅಳತೆಯನ್ನೇ ತೆಗೆಯಲ್ಲ, ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ.

ಸ್ಯಾಟಿನ್ ಲೈನಿಂಗ್ ಅಂಟಿಕೊಂಡು ಉರಿ ತಂದಿತು. ಒಗೆದು ಮೆತ್ತಗಾದ ಮಲ್ಮಲ್ ಹಾಕಿ, ಕಂಕುಳ ಹೊಲಿಗೆಯನ್ನು ಲೈನಿಂಗ್ ಹಿಂದೆ ಮುಚ್ಚಿ. ಜರಿ ಬಾರ್ಡರ್ ಚರ್ಮಕ್ಕೆ ತಾಗಬಾರದು.

ಲೈನಿಂಗ್ ಬ್ಲೌಸಿಗೆ ನಮ್ಮಲ್ಲಿ ಐನೂರು ತೆಗೆದುಕೊಳ್ಳುತ್ತೇವೆ. ಇದಕ್ಕೆ ಒಂಬೈನೂರು ಹೇಳುತ್ತೇನೆ, ಎರಡು ಟ್ರಯಲ್ ಸೇರಿ. ಮೊದಮೊದಲು ನಷ್ಟವೇ. ಈಗ ತಿಂಗಳಿಗೆ ಏಳೆಂಟು ಬರುತ್ತವೆ. ಗಿರಾಕಿಯೊಬ್ಬರು ನರ್ಸ್. ಸ್ತನದ ಆಪರೇಷನ್ ಆದವರ ಬದುಕಿನ ಗುಣಮಟ್ಟ ಅಳೆಯಲು 2009ರಲ್ಲಿ ಬಂದ 'ಬ್ರೆಸ್ಟ್-ಕ್ಯೂ' ಅನ್ನುವ ಪ್ರಶ್ನಾವಳಿ ಇದೆ ಅಂತ ಅವರೇ ಹೇಳಿದರು. ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತರೆ ಹೇಗೆ ಕಾಣುತ್ತೀರಿ, ಬ್ರಾ ಹಿತವಾಗಿ ಕೂರುತ್ತದಾ ಅಂತ ಅದರಲ್ಲೂ ಕೇಳುತ್ತಾರಂತೆ. ಡಾಕ್ಟರುಗಳೇ ಬಟ್ಟೆಯ ವಿಷಯ ಕೇಳುವಾಗ ನಮ್ಮ ಕೆಲಸ ಸಣ್ಣದಲ್ಲ, ಅಲ್ವಾ?

ಇದರ ನಡುವೆ ಲಂಗಕ್ಕೂ ಕೈ ಹಾಕಿದ್ದೇನೆ. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಸ್ತನ ಕಟ್ಟಿಸಿಕೊಂಡವರಿಗೆ ಸೊಂಟದ ಈ ಕಡೆಯಿಂದ ಆ ಕಡೆವರೆಗೆ ಗಾಯದ ಗೆರೆ ಇರುತ್ತದೆ. ಲಾಡಿ ಒತ್ತಿದರೆ ಸೀರೆ ಉಡುವುದೇ ಬೇಡ ಅನ್ನಿಸುತ್ತದಂತೆ. ಎಲಾಸ್ಟಿಕ್ ಸುರುಳಿ ಸುತ್ತಿಕೊಂಡು ಗೆರೆ ಮೇಲೇ ಕೂತಿತು. ಈಗ ನಾಲ್ಕಿಂಚು ಅಗಲದ ಕಾಟನ್ ಪಟ್ಟಿ, ಪಕ್ಕಕ್ಕೆ ಹುಕ್ಸ್. ಮುನ್ನೂರೈವತ್ತಕ್ಕೆ ಕೊಡುತ್ತೇನೆ. ನೆರಿಗೆ ಸಿಗಿಸಿದರೆ ಇನ್ನೂ ಸ್ವಲ್ಪ ಜಾರುತ್ತದೆ, ಅದಕ್ಕೆ ಒಳಗೆ ಖಾದಿ ಕೊಟ್ಟು ನೋಡುತ್ತಿದ್ದೇನೆ.